ಮೇಸ್ತ್ರಿಯ ಮರದ ಮನೆ

ನಮ್ಮ ಮಾವ ಬಡಗಿ. ಅವರು ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಟ್ಟಿಲ್ಲ. ಹಿಂದಿನ ಕೋಣೆಯಲ್ಲಿ ಉಳಿ, ಗರಗಸ, ಕೊಡತಿ ಇಂದಿಗೂ ಗೋಡೆಗೆ ಸಾಲಾಗಿ ನೇತಾಡುತ್ತಿವೆ. ಅವರು ಏನಾದರೂ ಕೊರೆಯಲು ಕೂತರೆ ಸಾಕು, ಮನೆಯ ನಾಯಿ ಎದುರಿಗೆ ಬಂದು, ಮುಂಗಾಲು ಚಾಚಿ, ಕಣ್ಣು ಕೀಳದೆ ನೋಡುತ್ತದೆ. ಅದಕ್ಕೇ ಅದರ ಹೆಸರು ಮೇಸ್ತ್ರಿ. “ನಾನು ಬರೀ ಕೂಲಿ. ಕೆಲಸ ಕೆಟ್ಟರೆ ಬೈಸಿಕೊಳ್ಳೋನು ನಾನೇ” ಎನ್ನುತ್ತಾರೆ ಮಾವ. ಅತ್ತೆ ತೀರಿಕೊಂಡ ಮೇಲೆ ಅವರ ಮಾತುಕತೆಯೆಲ್ಲ ಅದರ ಜೊತೆಗೇ.

ಹೋದ ವರ್ಷ ಮಾವ ಮೇಸ್ತ್ರಿಗೊಂದು ಮರದ ಮನೆ ಮಾಡಿಕೊಟ್ಟರು. ಹಲಗೆಗೆ ಹಲಗೆ ಕಚ್ಚಿಸಿದ್ದು, ಒಂದೂ ಮೊಳೆ ಇಲ್ಲ. ಮೊಳೆ ಹೊಡೆಯುವ ಬಡಗಿಗಳನ್ನು ಕಂಡರೆ ಅವರಿಗೆ ಮೊದಲಿನಿಂದಲೂ ತಾತ್ಸಾರ.

ಉಣ್ಣಿಯ ಕಾಟ ಶುರುವಾಗಿದ್ದು ಆಮೇಲೆ. ಕಿವಿಯೊಳಗೆ, ಕಾಲ್ಬೆರಳ ನಡುವೆ, ಕೊರಳಪಟ್ಟಿಯ ಕೆಳಗೆ. ಚಿಮಟದಲ್ಲಿ ಬುಡಕ್ಕೆ ಹಿಡಿದು, ನೇರ ಎಳೆದು, ಸೋಪಿನ ನೀರಿಗೆ ಹಾಕುವುದನ್ನು ನಾನು ಕಲಿತೆ. ಜಂತುಹುಳದ ಮಾತ್ರೆ ತಪ್ಪಿಸಿರಲಿಲ್ಲ, ಚಿಗಟ ಹೆಸರಿಗೂ ಇರಲಿಲ್ಲ, ಹೆಗಲ ನಡುವೆ ಔಷಧದ ಹನಿಯನ್ನೂ ಬಿಡುತ್ತಿದ್ದೆವು. ಆದರೂ ಇವತ್ತು ಕಿತ್ತರೆ ನಾಳೆ ಮತ್ತೆ ಹಾಜರು. ಮಗಳು ಅಂಬೆಗಾಲಿಡತೊಡಗಿದ ಮೇಲಂತೂ ನನ್ನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

ಒಂದು ಬೆಳಿಗ್ಗೆ ಅವಳ ಕಾಲುಚೀಲದ ಮೇಲೇ ಒಂದು ಉಣ್ಣಿ ಹತ್ತುತ್ತಿತ್ತು. ನಮ್ಮವರು ಅದನ್ನು ಕೊಡವಿ, “ಅಪ್ಪಾ, ಇದು ನಿಲ್ಲದಿದ್ರೆ ಮೇಸ್ತ್ರೀನ ಬೇರೆಲ್ಲಾದ್ರೂ ಬಿಡಬೇಕಾಗತ್ತೆ” ಎಂದರು.

“ನನ್ನನ್ನೂ ಅಲ್ಲೇ ಬಿಟ್ಬಿಡು. ಒಂದೇ ಗಾಡೀಲಿ ಆಗೋಗತ್ತೆ,” ಎಂದರು ಮಾವ.

ಬಿಡುವ ಮಾತು ಅಲ್ಲಿಗೇ ನಿಂತಿತು. ಅದೇ ವಾರ ಮೇಸ್ತ್ರಿ ಊಟ ಬಿಟ್ಟ. ತಟ್ಟೆ ಮೂಸಿ ಮುಖ ತಿರುಗಿಸುತ್ತಿದ್ದ. ನಾನೂ ಮಾವನೂ ಪಶು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರಮ್ಮ ಅವನ ತುಟಿ ಎತ್ತಿ ಒಸಡು ತೋರಿಸಿದರು. ಗುಲಾಬಿ ಇರಬೇಕಾದದ್ದು ಕಾಗದದಂತೆ ಬಿಳಿಚಿತ್ತು.

“ಉಣ್ಣಿ ಜ್ವರ. ರಕ್ತ ತುಂಬಾ ಇಳಿದಿದೆ. ಮಾತ್ರೆ ಕೊಡ್ತೀನಿ, ಆದ್ರೆ ಉಳೀತಾನೆ ಅಂತ ಈಗಲೇ ಹೇಳಕ್ಕಾಗಲ್ಲ. ಎಲ್ಲಿ ಮಲಗಿಸ್ತೀರಿ?”

“ಮರದ ಮನೇಲಿ. ನಾನೇ ಮಾಡಿದ್ದು.”

“ಅಲ್ಲೇ ಇರತ್ತೆ ನೋಡಿ. ನಾಯಿ ಮೈಮೇಲೆ ಕಾಣೋದು ಸ್ವಲ್ಪಾನೇ. ಮಿಕ್ಕಿದ್ದು ಸಂದುಗೊಂದಲ್ಲಿ ಮೊಟ್ಟೆ ಇಟ್ಕೊಂಡು ಸಂಸಾರ ಮಾಡ್ತಿರತ್ತೆ.”

“ಸಂದಾ? ನಾನು ಕೂಡಿಸಿದ ಹಲಗೇಲಿ ಕೂದಲೂ ತೂರಲ್ಲ ಡಾಕ್ಟ್ರಮ್ಮಾ.”

“ಅದು ಉಣ್ಣಿಗೆ ಗೊತ್ತಿಲ್ವಲ್ಲ ಯಜಮಾನರೇ.”

ಮನೆಗೆ ಬಂದವಳೇ ನಾನು ಟಾರ್ಚು ಹಿಡಿದು ಮರದ ಮನೆಯೊಳಗೆ ತಲೆ ತೂರಿಸಿದೆ. ಮೂಲೆಮೂಲೆಯ ಸಂದಿನಲ್ಲಿ ಹರಳು ಜೋಡಿಸಿದಂತೆ ಉಣ್ಣಿ. ಅವುಗಳ ಹಿಂದೆ ಕಂದು ಬಣ್ಣದ ಮೊಟ್ಟೆಗಳ ರಾಶಿ, ಸಾಸಿವೆಗಿಂತ ಸಣ್ಣವು.

“ಏನಾದ್ರೂ ಇದೆಯೇನಮ್ಮಾ?”

ಅವರ ಕಣ್ಣು ಮಬ್ಬಾಗಿರುವುದು ನಮಗೆಲ್ಲ ಗೊತ್ತಿತ್ತು. ಆ ಮಾತನ್ನು ಅವರ ಎದುರು ಆಡುವಂತಿರಲಿಲ್ಲ. ಉಣ್ಣಿಯಿಲ್ಲದ ಒಂದು ಸಂದು ಹುಡುಕಿ, ಅವರ ಕೈ ಹಿಡಿದು ಹೆಬ್ಬೆರಳನ್ನು ಅಲ್ಲಿಟ್ಟೆ. ಉಗುರು ಪೂರ್ತಿ ಒಳಗೆ ಹೋಯಿತು. ಅವರು ಮೇಲಿನಿಂದ ಕೆಳಗಿನವರೆಗೂ ಜಾರಿಸಿ ನೋಡಿದರು.

“ಇದು ನಾನು ಮಾಡಿದ್ದಾ?”

“ಮರ ಒಣಗಿ ಬಿಟ್ಕೊಂಡಿರಬೇಕು ಮಾವ.”

“ಮರದ ಮೇಲೆ ಹಾಕಬೇಡ ತಾಯಿ. ಮರ ನನಗೆ ಗೊತ್ತು.”

ಅವರೇ ಅದನ್ನು ಬಿಚ್ಚಿದರು. ಕೊಡತಿಯೂ ಬೇಕಾಗಲಿಲ್ಲ, ಹಲಗೆಗಳು ಕೈಗೇ ಬಂದವು. ನಮ್ಮವರು ಹಿತ್ತಲಿನಲ್ಲಿ ಸುಟ್ಟರು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಡಾಕ್ಟರಮ್ಮ ಕೊಟ್ಟ ಔಷಧವನ್ನು ಗೋಡೆಯ ಬಿರುಕಿಗೆಲ್ಲ ಹೊಡೆದೆವು. ಬೆಂಕಿ ಆರುವ ಮೊದಲೇ ಮಾವ ನನ್ನ ಹತ್ತಿರ ಬಂದು ದನಿ ತಗ್ಗಿಸಿ, “ಕೂಸಿನ ಮಂಚಾನೂ ಒಂದ್ಸಲ ನೋಡ್ಬಿಡಮ್ಮಾ” ಎಂದರು. ಮಗಳು ಹುಟ್ಟುವ ಮೊದಲು ಅವರೇ ಮಾಡಿದ ಮಂಚ. ನೋಡಿದೆ.

“ಏನೂ ಇಲ್ಲ ಮಾವ.”

“ಹುಳ ಇಲ್ವೋ, ಸಂದು ಇಲ್ವೋ?”

“ಹುಳ ಇಲ್ಲ,” ಎಂದೆ. ಅವರು ತಲೆಯಾಡಿಸಿ ಹೋದರು.

ಈಗ ಮೇಸ್ತ್ರಿ ಬರಿನೆಲದ ಮೇಲೆ ಮಲಗಿರುತ್ತಾನೆ. ಹಾಸಿದ ಹೊದಿಕೆಯಿಂದ ತೆವಳಿ ಆಚೆ ಬರುತ್ತಾನೆ. ಮಗಳು ಅವನ ಕಡೆ ಕೈ ಚಾಚಿ ರಚ್ಚೆ ಹಿಡಿಯುತ್ತಾಳೆ; ನಾನು ಸೊಂಟದಿಂದ ಇಳಿಸುವುದಿಲ್ಲ. ಮಾತ್ರೆಯನ್ನು ಪುಡಿಮಾಡಿ ಗಂಜಿಯಲ್ಲಿ ಕಲಸಿ ಮಾವ ಬೆರಳಿನಿಂದ ನೆಕ್ಕಿಸುತ್ತಾರೆ. ಅರ್ಧ ಹೊಟ್ಟೆಗೆ, ಅರ್ಧ ನೆಲಕ್ಕೆ. ಹೊಸ ಉಣ್ಣಿ ಒಂದೂ ಸಿಕ್ಕಿಲ್ಲ. ಅದರಿಂದ ಅವನ ರಕ್ತ ಏರುತ್ತದೆಯೋ ಇಲ್ಲವೋ, ಕಾಯುವುದನ್ನು ಬಿಟ್ಟು ನಮಗೆ ಬೇರೆ ದಾರಿಯಿಲ್ಲ.

ಇವತ್ತು ಬೆಳಿಗ್ಗೆಯೂ ಮಾವ ಅವನ ತಲೆಯನ್ನು ತೊಡೆಗೆ ಎಳೆದುಕೊಂಡು, ತುಟಿ ಎತ್ತಿ ಹಿಡಿದು ನನ್ನನ್ನು ಕೂಗಿದರು. “ಬಣ್ಣ ನೋಡಮ್ಮಾ.”

ಬಗ್ಗಿ ನೋಡಿದೆ. “ನಿನ್ನೆ ಹಾಗೇ ಇದೆ ಮಾವ.”

“ಹಾಗೇ ಅಂದ್ರೆ?”

“ಬಿಳಿ.”

ಅವರು ತುಟಿಯನ್ನು ಮೆಲ್ಲಗೆ ಬಿಟ್ಟು, ಬೆರಳಿಂದ ಒರೆಸಿದರು.