ಹೌದಪ್ಪನ ಪಥ್ಯ

ಕುರ್ಚಿಯಲ್ಲಿ ಕೂತವನ ಮಾತಿಗೆ ಎದುರಾಡಬಾರದು ಎಂಬುದು ಅವನು ಕ್ಷೌರದ ಜೊತೆಗೇ ಕಲಿತ ಪಾಠ. ವಾದ ಬೆಳೆದರೆ ಗಿರಾಕಿ ತಲೆ ಅಲ್ಲಾಡಿಸುತ್ತಾನೆ, ತಲೆ ಅಲ್ಲಾಡಿದರೆ ಕಿವಿಗೆ ಸಂಚಕಾರ. ಹಾಗಾಗಿ ಆಳುವ ಪಕ್ಷದವನು ಬಂದರೂ ಹೌದು, ವಿರೋಧ ಪಕ್ಷದವನು ಬಂದರೂ ಹೌದು. ಬೀದಿಯವರು ಅವನನ್ನು ಹೌದಪ್ಪ ಎಂದು ಕರೆದರು. ಸೈಕಲ್ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವನ ಅಂಗಡಿ ಹೌದಪ್ಪನ ಚಾವಡಿಯಾಯಿತು.

ವಯಸ್ಸು ಐವತ್ತರ ಹತ್ತಿರ, ಕಲ್ಲುಗುಂಡಿನಂಥ ಆಳು. ಕಾಯಿಲೆಯೆಂದು ಅಂಗಡಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಅವನ ಹೆಂಡತಿಯ ಕಥೆ ಬೇರೆ. ಹಿಂದಿನ ವರ್ಷ ಅವಳ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ಅವಳ ಅಕ್ಕ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡಳು. ಅಕ್ಕ ಹಾಸ್ಟೆಲೊಂದರ ಅಡುಗೆಯವಳು. ಆಪರೇಷನ್ ಆಗಿ ಮನೆಗೆ ಬಂದವಳನ್ನು ಜನ ಹೊಗಳಲು ಹೋದರೆ, "ಎರಡಿತ್ತು, ಒಂದು ಕೊಟ್ಟೆ. ನಾಲಿಗೆ ಒಂದೇ ಇರೋದು, ಅದನ್ನ ಮಾತ್ರ ಯಾರೂ ಕೇಳ್ಬೇಡಿ" ಎನ್ನುತ್ತಿದ್ದಳು.

ಬೇರೆಯವರ ಅಂಗವನ್ನು ಮೈ ಸುಲಭವಾಗಿ ಒಪ್ಪುವುದಿಲ್ಲ, ಕಳ್ಳ ನುಗ್ಗಿದನೆಂದು ಮೇಲೆ ಬೀಳುತ್ತದೆ. ಅದಕ್ಕಾಗಿ ಮೈಯ ಕಾವಲನ್ನೇ ಮಂಕು ಮಾಡುವ ಮಾತ್ರೆಗಳನ್ನು ಅವಳು ದಿನಾ ನುಂಗಬೇಕಿತ್ತು. ನಿಜವಾದ ಕಳ್ಳ ಬಂದರೂ ಆ ಕಾವಲು ಏಳುವುದು ನಿಧಾನ. ನಿಮಗೆ ನೆಗಡಿ ಆಗುವುದು ಇವರಿಗೆ ನ್ಯುಮೋನಿಯಾ ಆಗಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು: ಇವರಿಗೆ ಚಿಕನ್‌ಪಾಕ್ಸ್ ಬಂದೇ ಇಲ್ಲ ಎಂದು ರಕ್ತ ಪರೀಕ್ಷೆ ತೋರಿಸುತ್ತಿದೆ, ಆಪರೇಷನ್ನಿನ ಅವಸರದಲ್ಲಿ ಲಸಿಕೆಗೆ ಸಮಯ ಸಿಗಲಿಲ್ಲ, ಇನ್ನು ಅದನ್ನು ಹಾಕುವ ಹಾಗಿಲ್ಲ, ಗುಳ್ಳೆ ಎದ್ದ ಮಕ್ಕಳಿಂದ ದೂರ ಇಡಿ.

"ನಾನು ದಿನಾ ಇಪ್ಪತ್ತು ಜನರ ಮೂಗಿನ ಹತ್ರ ನಿಂತು ಕೆಲಸ ಮಾಡೋನು ಡಾಕ್ಟ್ರೇ" ಎಂದ ಹೌದಪ್ಪ. "ನನಗೆ ಏನೂ ಹತ್ತಬಾರದು. ಅದಕ್ಕೇನು ಮಾಡ್ಲಿ?"

"ಮಾಸ್ಕ್ ಹಾಕ್ಕೊಳ್ಳಿ, ಕೈ ತೊಳ್ಕೊಳ್ಳಿ, ಫ್ಲೂ ಲಸಿಕೆ ಹಾಕಿಸ್ಕೊಳ್ಳಿ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ, ಸ್ವಲ್ಪ ನಡಿಗೆ."

"ಅಷ್ಟೇನಾ?"

"ಅಷ್ಟು ಮಾಡೋರೇ ಕಮ್ಮಿ."

ಇಷ್ಟು ದೊಡ್ಡ ಅಪಾಯಕ್ಕೆ ಇಷ್ಟು ಸಣ್ಣ ಮದ್ದು ಅವನಿಗೆ ಸಾಕೆನಿಸಲಿಲ್ಲ. ಮಾಸ್ಕು ಹಾಕಿಕೊಂಡ, ಲಸಿಕೆ ಹಾಕಿಸಿಕೊಂಡ. ಇನ್ನೇನು ಮಾಡಬೇಕೆಂಬ ಪ್ರಶ್ನೆಯನ್ನು ಕುರ್ಚಿಯಲ್ಲಿ ಕೂತವರ ಮುಂದೆ ಇಟ್ಟ.

ಸಲಹೆಗೆ ಬರವಿರಲಿಲ್ಲ. ಬ್ಯಾಂಕಿನ ಗುಮಾಸ್ತ ಒಪ್ಪೊತ್ತಿನವನು. "ಹೊಟ್ಟೆ ಖಾಲಿ ಇದ್ರೆ ಮೈ ತನ್ನ ಕಸ ತಾನೇ ತಿಂದುಬಿಡತ್ತೆ. ಮೂರು ಹೊತ್ತು ತಿನ್ನೋನು ರೋಗಿ, ಗೊತ್ತಲ್ಲ?" ಎಂದ. ಶಾಲೆಯಲ್ಲಿ ಕಸರತ್ತು ಕಲಿಸುವ ಮೇಷ್ಟ್ರು ನಸುಕಿನಲ್ಲಿ ಎದ್ದು ಓಡಬೇಕು, ಬೆವರು ಆರುವ ಮೊದಲೇ ತಣ್ಣೀರು ಸುರಿದುಕೊಳ್ಳಬೇಕು ಎಂದರು. ಮತ್ತೊಬ್ಬ ಹಾಲು ಕಫ ಎಂದ, ಇನ್ನೊಬ್ಬ ಮೊಟ್ಟೆ ಉಷ್ಣ ಎಂದ, ಮಗದೊಬ್ಬ ಎಣ್ಣೆಯೇ ವಿಷ ಎಂದ. ಹಸಿ ಸೊಪ್ಪು ಅರೆದು ಕುಡಿ ಎಂಬಲ್ಲಿ ಮಾತ್ರ ಎಲ್ಲರೂ ಒಂದಾಗಿದ್ದರು.

ಅವನು ಎಲ್ಲದಕ್ಕೂ ಹೌದೆಂದ. ಹೌದೆಂದು ಬಿಡುವವನಾಗಿದ್ದರೆ ಚಿಂತೆ ಇರಲಿಲ್ಲ. ಈ ಬಾರಿ ಎಲ್ಲವನ್ನೂ ಮಾಡಿದ. ಗುಮಾಸ್ತ ಒಪ್ಪೊತ್ತು ಉಂಡರೂ ಬಿಸಿಲು ಕಿಟಕಿಗೆ ಬರುವ ತನಕ ಮಲಗುತ್ತಿದ್ದ. ಮೇಷ್ಟ್ರು ಎಷ್ಟು ಓಡಿದರೂ ಮನೆಗೆ ಬಂದು ಒಂದು ತಟ್ಟೆ ಮೊಟ್ಟೆ ಮುಗಿಸುತ್ತಿದ್ದರು. ಒಬ್ಬನ ಹಸಿವು, ಮತ್ತೊಬ್ಬನ ಓಟ, ಎಲ್ಲರ ನಿಷೇಧ ಒಟ್ಟಾಗಿ ಸೇರಿದ್ದು ಹೌದಪ್ಪನ ಮೈಯಲ್ಲಿ ಮಾತ್ರ.

ಚಳಿಗಾಲ ಕಳೆಯುವುದರೊಳಗೆ ಅವನ ಕೆನ್ನೆ ಒಳಗೆ ಹೋಯಿತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಕೊರೆದುಕೊಂಡ. ನಡುಹಗಲು ಎಲ್ಲರೂ ಅಂಗಿಯ ತೋಳು ಮಡಚಿಕೊಂಡಿರುವಾಗ ಅವನಿಗೆ ಚಳಿ. ಹಾಸಿಗೆಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ, ನಿಂತಲ್ಲಿ ತೂಕಡಿಕೆ. ಬ್ಲೇಡು ತಾಗಿ ಹೆಬ್ಬೆರಳಿನ ತುದಿ ಸೀಳಿದಾಗ ಆ ಗಾಯ ಮಾಯುವುದನ್ನೇ ಮರೆತಂತಿತ್ತು. ಬಾಯಲ್ಲಿ ಹುಣ್ಣು ಒಂದು ಹೋದರೆ ಇನ್ನೊಂದು ಏಳುತ್ತಿತ್ತು.

ಗಿರಾಕಿಗಳು ಮೆಚ್ಚಿದರು. "ಹತ್ತು ವರ್ಷ ಚಿಕ್ಕವನಾಗಿದೀಯ" ಎಂದ ಗುಮಾಸ್ತ. ಆ ಚಳಿಗಾಲದಲ್ಲಿ ಅವನಿಗೆ ಒಂದು ಸೀನೂ ಬಂದಿರಲಿಲ್ಲ ಎಂಬುದು ನಿಜ. ಮಾಸ್ಕು ತೊಟ್ಟು ಕೈ ತೊಳೆದದ್ದರ ಫಲವನ್ನು ಅವನು ಪಥ್ಯದ ಲೆಕ್ಕಕ್ಕೆ ಬರೆದುಕೊಂಡ. ಆಮೇಲೆ ವಾರಕ್ಕೊಂದು ದಿನ ಆ ಒಂದು ಊಟವನ್ನೂ ಬಿಟ್ಟ.

ಒಪ್ಪದವಳು ಅಕ್ಕ ಒಬ್ಬಳೇ. ರಜೆಯ ದಿನ ತಂಗಿಯನ್ನು ನೋಡಲು ಬಂದವಳು ಅವನನ್ನು ಬಾಗಿಲಲ್ಲೇ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಯ್ಯಾ, ಅಂಗಿನ ಹ್ಯಾಂಗರಿಗೆ ತೂಗುಹಾಕಿದಾರಾ, ಒಳಗೆ ಯಾರಾದ್ರೂ ಇದಾರಾ?"

"ಅವಳಿಗೋಸ್ಕರ ಅಕ್ಕಾ. ನನ್ನಲ್ಲಿ ಶಕ್ತಿ ಇದ್ರೆ ರೋಗ ಒಳಗೆ ಬರಲ್ಲ."

"ಕಾವಲು ನಾಯಿಗೆ ಅನ್ನ ಹಾಕದೆ ಕಳ್ಳನ್ನ ಹಿಡಿ ಅಂದ್ರೆ ಹಿಡಿಯತ್ತಾ?"

"ಹಸಿದ ನಾಯಿ ಚುರುಕಾಗಿರತ್ತೆ."

"ಹಸಿದ ನಾಯಿ ಕಳ್ಳ ಹಾಕಿದ್ದನ್ನ ತಿಂದು ಬಾಲ ಅಲ್ಲಾಡಿಸತ್ತೆ" ಎಂದು ಅವಳು ಒಳಗೆ ಹೋದಳು.

ಅದಾದ ಮುಂದಿನ ವಾರ ಅವನ ಎಡ ಬೆನ್ನಿನಲ್ಲಿ, ಪಕ್ಕೆಲುಬಿನ ಸಾಲಿಗೆ ಸರಿಯಾಗಿ, ಉರಿ ಶುರುವಾಯಿತು. ಅಂಗಿ ತಾಗಿದರೆ ಕೆಂಡ ಒತ್ತಿದ ಹಾಗೆ. ಓಡುವಾಗ ಸ್ನಾಯು ಹಿಡಿದಿರಬೇಕು ಎಂದುಕೊಂಡ. ಮೇಷ್ಟ್ರೂ ಹಾಗೇ ಅಂದರು. ಕೆಲವು ದಿನ ಕಳೆದ ಮೇಲೆ, ಗಿರಾಕಿಗಳಿಗೆ ಕತ್ತಿನ ಹಿಂಭಾಗ ತೋರಿಸುವ ಕೈಗನ್ನಡಿಯನ್ನು ತನ್ನ ಬೆನ್ನಿಗೆ ಹಿಡಿದು ನೋಡಿದ. ಬೆನ್ನುಮೂಳೆಯ ಪಕ್ಕದಿಂದ ಕಂಕುಳಿನ ಕೆಳಗಿನವರೆಗೆ ಒಂದು ಕೆಂಪು ಪಟ್ಟಿ, ಅದರ ಮೇಲೆ ರಾಗಿಕಾಳಿನಷ್ಟು ಗುಳ್ಳೆಗಳು. ಯಾವುದೋ ಹುಳ ಹರಿದಿದೆ. ಮೂಗು ಸೋರುತ್ತಿಲ್ಲ, ಕೆಮ್ಮಿಲ್ಲ. ಹಾಗಾಗಿ ಹೆಂಡತಿಗೆ ಭಯವಿಲ್ಲ ಎಂದು ಸಮಾಧಾನ ಪಟ್ಟುಕೊಂಡ.

ಅವನು ಅಂಗಿ ತೊಡಲು ಒದ್ದಾಡುವುದನ್ನು ಅವಳು ಕಂಡಳು.

"ತಿರುಗು ಇಲ್ಲಿ. ಎಷ್ಟು ದಿನದಿಂದ ಇದು?"

"ಹುಳ. ಅದೇ ಹೋಗತ್ತೆ."

"ಹುಳಕ್ಕೂ ತಿನ್ನಕ್ಕೆ ನಿನ್ನ ಮೈಯಲ್ಲಿ ಏನು ಸಿಕ್ತೋ. ಸುಮ್ನೆ ಕೂತ್ಕೋ."

ಕಿಟಕಿಯ ಬೆಳಕಿಗೆ ಅವನನ್ನು ಕೂರಿಸಿ ಅವಳು ಬೆರಳಿನಿಂದ ಮುಲಾಮು ಹಚ್ಚಿದಳು, ಉಜ್ಜದೆ, ಮಗುವಿಗೆ ಹಚ್ಚಿದ ಹಾಗೆ. ಎರಡು ಮೂರು ಗುಳ್ಳೆ ಒಡೆದವು. ಬೆರಳಿಗೆ ಹತ್ತಿದ ನೀರನ್ನು ಸೆರಗಿಗೆ ಒರೆಸಿಕೊಂಡಳು. ಮರುದಿನವೂ ಹಚ್ಚಿದಳು.

ಅಕ್ಕ ಬಂದಾಗ ಆ ಕೆಲಸವೇ ನಡೆಯುತ್ತಿತ್ತು. ಅವಳು ತಂಗಿಯ ಮಣಿಕಟ್ಟು ಹಿಡಿದು ಎಳೆದಳು.

"ಮುಟ್ಬೇಡ. ಇದು ಸರ್ಪಸುತ್ತು. ನಮ್ಮ ವಾರ್ಡನ್ನಿಗೆ ಬಂದಿತ್ತು. ಹೋಗಿ ಕೈ ತೊಳ್ಕೋ."

"ತಲೆ ಬಾಲ ಸೇರಿದ್ರೆ ಜೀವ ಹೋಗತ್ತಂತಲ್ಲ ಅಕ್ಕಾ" ಎಂದು ಹೌದಪ್ಪ ಬೆನ್ನು ತಿರುಗಿಸಿಕೊಂಡೇ ಕೇಳಿದ.

"ಅದೆಲ್ಲ ಕಟ್ಟುಕತೆ. ಮೊದ್ಲು ಇವಳ ಡಾಕ್ಟರಿಗೆ ಫೋನ್ ಮಾಡು."

ಡಾಕ್ಟರಮ್ಮ ಅವನ ನೋವಿನ ಬಗ್ಗೆ ವಿಚಾರಿಸಲಿಲ್ಲ. ನಿಮ್ಮ ಹೆಂಡತಿ ಅದನ್ನು ಮುಟ್ಟಿದ್ದಾರಾ ಎಂದು ಕೇಳಿದರು. ಅವನು ಹೌದು ಎಂದ. "ಈಗಲೇ ಕರ್ಕೊಂಡು ಬನ್ನಿ" ಎಂದರು.

ಆರನೆಯ ವಯಸ್ಸಿನಲ್ಲಿ ಅವನಿಗೆ ಚಿಕನ್‌ಪಾಕ್ಸ್ ಬಂದು ಹೋಗಿತ್ತು. ಹೋಗಿರಲಿಲ್ಲ ಎಂಬುದು ಅವನಿಗೆ ಆಸ್ಪತ್ರೆಯಲ್ಲಿ ತಿಳಿಯಿತು. ಆ ವೈರಸ್ಸು ನರದ ಬುಡದಲ್ಲಿ ಮುದುರಿ ಮಲಗಿರುತ್ತದೆ, ಕಾವಲು ಗಟ್ಟಿ ಇರುವ ತನಕ ಮಿಸುಕುವುದಿಲ್ಲ. ಎದ್ದರೆ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಆ ಗುಳ್ಳೆಯ ನೀರು, ಚಿಕನ್‌ಪಾಕ್ಸ್ ಕಾಣದ ಮೈಗೆ ತಾಗಿದರೆ ಆ ಮೈಗೆ ಚಿಕನ್‌ಪಾಕ್ಸ್. ಬೀದಿಯ ಮಕ್ಕಳನ್ನೆಲ್ಲ ಅವನು ದೂರ ಇಟ್ಟಿದ್ದ.

"ಊಟ ಬಿಟ್ಟಿದ್ದಕ್ಕೇ ಬಂತಾ ಡಾಕ್ಟ್ರೇ?"

"ಅದಕ್ಕೇ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ. ಚೆನ್ನಾಗಿ ತಿಂದುಂಡು ಮಲಗೋರಿಗೂ ಬರತ್ತೆ, ವಯಸ್ಸಾದ ಹಾಗೆ ಇನ್ನೂ ಜಾಸ್ತಿ." ಅವರು ಅವನ ಕೊರಳಿನ ಎಲುಬು ನೋಡಿದರು. "ಆದ್ರೆ ಇಷ್ಟು ಹಸಿವು, ಇಷ್ಟು ನಿದ್ದೆಗೇಡಿನಲ್ಲಿ ಯಾರ ಕಾವಲೂ ಗಟ್ಟಿ ಇರಲ್ಲ. ನೀವು ಅದನ್ನ ಬೆಳೆಸ್ತಾ ಇರಲಿಲ್ಲ, ತಿಂದುಹಾಕ್ತಾ ಇದ್ರಿ."

ಹೆಂಡತಿಗೆ ಇಂಜೆಕ್ಷನ್ ಕೊಟ್ಟು ಅಕ್ಕನ ಮನೆಗೆ ಕಳಿಸಿದರು. ಅದು ತಡೆಯಬಹುದು, ತಡೆಯದೆಯೂ ಇರಬಹುದು, ದಿನಾ ಮೈ ನೋಡುತ್ತಿರಿ ಎಂದರು. ಹೌದಪ್ಪ ಅಂಗಡಿ ಮುಚ್ಚಿ, ಮಾತ್ರೆ ನುಂಗುತ್ತ ಮನೆಯಲ್ಲಿ ಒಬ್ಬನೇ ಉಳಿದ. ಅಕ್ಕ ಬೆಳಿಗ್ಗೆ ಸಂಜೆ ಬುತ್ತಿ ತಂದು ಹೊಸ್ತಿಲಲ್ಲಿಟ್ಟು, ಅವನು ಉಂಡು ಮುಗಿಸುವ ತನಕ ಕಿಟಕಿಯ ಹೊರಗೆ ನಿಂತಿರುತ್ತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೆ ಅವನಿಗೆ ಅನ್ನ ಇಳಿಯುತ್ತಿತ್ತೇನೋ.

ಅವನ ಬೆನ್ನಿನ ಗುಳ್ಳೆ ಒಣಗಿ ಹಕ್ಕಳೆ ಉದುರಿತು. ನೋವು ಉಳಿಯಿತು. ಇನ್ನೇನು ಗಂಡಾಂತರ ಕಳೆಯಿತು ಎಂದುಕೊಳ್ಳುವಾಗ ಅಕ್ಕ ಬುತ್ತಿಯಿಲ್ಲದೆ ಬಂದಳು. ತಂಗಿಯ ತಲೆ ಬಾಚುತ್ತಿದ್ದಾಗ ಹಣೆಯ ಅಂಚಿನಲ್ಲಿ ಎರಡು ಚುಕ್ಕೆ ಕಂಡಿದ್ದವು. ಸೊಳ್ಳೆ ಕಡಿದದ್ದಿರಬೇಕು ಎಂದು ತಂಗಿ ನಕ್ಕಿದ್ದಳಂತೆ. ಸಂಜೆಗೆ ಜ್ವರ, ಮರುದಿನ ಮೈತುಂಬ, ಆಮೇಲೆ ಶ್ವಾಸಕೋಶಕ್ಕೆ.

ಅವಳನ್ನು ಗಾಜಿನ ಬಾಗಿಲಿನ ಪ್ರತ್ಯೇಕ ಕೋಣೆಯಲ್ಲಿ ಇಟ್ಟರು. ಕೈಯ ರಕ್ತನಾಳಕ್ಕೆ ಔಷಧ ಇಳಿಬಿಟ್ಟರು. ಕಾವಲು ಮಂಕು ಮಾಡುವ ಮಾತ್ರೆಗಳನ್ನು ಕಡಿಮೆ ಮಾಡಲೇಬೇಕಾಯಿತು. ಎದ್ದ ಕಾವಲು ಚಿಕನ್‌ಪಾಕ್ಸನ್ನು ಮಾತ್ರ ಹಿಡಿಯುತ್ತದೆಂಬ ಖಾತ್ರಿ ಇಲ್ಲ, ಅಕ್ಕನ ಕಿಡ್ನಿಯನ್ನೂ ಹಿಡಿದೀತು ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಜ್ವರ ಇಳಿಯಿತು, ಉಸಿರು ಹಗುರಾಯಿತು, ಚುಕ್ಕೆಗಳು ಕಪ್ಪಾದವು. ಆಗಲೇ, ಕಿಡ್ನಿ ಸೋಲುತ್ತಿದೆ ಎಂದು ತೋರಿಸುವ ರಕ್ತದ ಅಂಕಿ ಏರತೊಡಗಿತು.

ಹೌದಪ್ಪ ಕಾರಿಡಾರಿನಲ್ಲಿ ಡಾಕ್ಟರಮ್ಮನನ್ನು ತಡೆದ. "ಅದು ಹೋದ್ರೆ ನಂದು ತಗೊಳ್ಳಿ."

"ನಿಮ್ಮನ್ನ ಈ ಮೈಯಲ್ಲಿ ಆಪರೇಷನ್ ಮೇಜಿನ ಮೇಲೆ ಹತ್ತಿಸಕ್ಕಾಗಲ್ಲ. ಮೊದ್ಲು ತಿಂದು ಮನುಷ್ಯರಾಗಿ. ಅಷ್ಟರಲ್ಲಿ ಏನಾಗತ್ತೋ ನೋಡೋಣ."

ಅಕ್ಕ ಬೆಂಚಿನ ಮೇಲೆ, ಬಲಗೈಯನ್ನು ಪಕ್ಕೆಯ ಹೊಲಿಗೆಯ ಮೇಲೆ ಒತ್ತಿಕೊಂಡು ಕೂತಿದ್ದಳು. "ಇನ್ನೊಂದಿದೆ ನನ್ನ ಹತ್ರ" ಎಂದಳು, ಅವನ ಮುಖ ನೋಡದೆ. "ಆದ್ರೆ ಕೊಡೋ ಹಾಗಿಲ್ಲ."

ಅವಳು ಡಬ್ಬಿ ತೆರೆದು ಅವನ ತೊಡೆಯ ಮೇಲಿಟ್ಟಳು. ಅವನು ತುತ್ತು ಮಾಡಿ ಬಾಯಿಗಿಟ್ಟುಕೊಂಡ. ಗಾಜಿನ ಆಚೆ ನರ್ಸು ಹೆಂಡತಿಯ ತೋಳಿಗೆ ಪಟ್ಟಿ ಬಿಗಿದು ಮತ್ತೊಮ್ಮೆ ರಕ್ತ ತೆಗೆಯುತ್ತಿದ್ದಳು. ಹಿಂದಿನ ದಿನದ ರಿಪೋರ್ಟೇ ಇನ್ನೂ ಬಂದಿರಲಿಲ್ಲ.