ಸ್ಲೇಟಿನಲ್ಲಿ ಬರೆಯದ ಬ್ಯಾನಿ

ಟಿ.ಸಿ.ಎಚ್. ಮುಗಿಸಿ ಹಡಗಲಿಯ ಮನೆಯಲ್ಲಿ ಕೂತಿದ್ದೆ. ಕೆಲಸವಿಲ್ಲದಿದ್ದರೂ ಟೀಚರ್ ಎಂಬ ಜಂಬಕ್ಕೇನೂ ಕಡಿಮೆಯಿರಲಿಲ್ಲ. ನಮ್ಮ ಓಣಿಯಲ್ಲಿದ್ದ ನೇಪಾಳದ ಗೂರ್ಖಾ ಊರಿನಿಂದ ತನ್ನ ಹೆಂಡತಿಯನ್ನು ಕರೆತಂದಾಗ, ಅವಳಿಗೆ ನಾನು ಕನ್ನಡ ಕಲಿಸುತ್ತೇನೆಂದು ಯಾರೂ ಕೇಳದೆಯೇ ಮುಂದೆ ಬಿದ್ದೆ. ಅವಳು ಆರು ತಿಂಗಳ ಬಸುರಿ. ಹೆರಿಗೆ ಹೊತ್ತಿಗೆ ಆಸ್ಪತ್ರೆಯಲ್ಲಿ ತನ್ನ ಕಷ್ಟ ತಾನೇ ಹೇಳಿಕೊಳ್ಳುವಷ್ಟು ಮಾತು ಬಂದರೆ ಸಾಕೆಂದು ಗಂಡನ ಆಸೆ.

ದಿನಾ ಮಧ್ಯಾಹ್ನ ನಮ್ಮ ಪಡಸಾಲೆಗೆ ಬರುತ್ತಿದ್ದಳು. ನಾನು ಸ್ಲೇಟಿನ ಮೇಲೆ ಬರೆದು ಓದಿಸುತ್ತಿದ್ದೆ: "ನನಗೆ ಹೊಟ್ಟೆ ನೋಯುತ್ತಿದೆ." ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅವ್ವನಿಗೆ ನಗು.

"ಹಿಂಗ ಯಾರ ಮಾತಾಡ್ತಾರ ಹುಡುಗಿ? ಹೊಟ್ಟಿ ನೋಯಾಕತ್ತೈತಿ ಅನ್ನಂತ ಹೇಳು."

"ನೀ ಸುಮ್ನಿರಬೇ, ಆಕಿ ಶುದ್ಧ ಕಲೀಲಿ," ಎಂದು ಅವ್ವನ ಬಾಯಿ ಮುಚ್ಚಿಸುತ್ತಿದ್ದೆ.

ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಗಂಡ ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ, ನಾನು ಕೊಟ್ಟೂರಿಗೆ ಹೋಗಿದ್ದೆ. ಅವ್ವನಿಗೂ ಹೇಳದೆ ಒಬ್ಬಳೇ ಆಸ್ಪತ್ರೆಗೆ ನಡೆದು ಪಾಠ ಒಪ್ಪಿಸಿದಳು. "ಬ್ಯಾನಿ ಹತ್ಯಾವೇನು?" ಎಂದು ನರ್ಸಮ್ಮ ಕೇಳಿದರಂತೆ. ನಮ್ಮ ಕಡೆ ಹೆರಿಗೆ ನೋವಿಗೆ ಬ್ಯಾನಿ ಎನ್ನುತ್ತೇವೆ. ಆ ಮಾತನ್ನು ನಾನು ಕಲಿಸಿಯೇ ಇರಲಿಲ್ಲ. ಅರ್ಥವಾಗದಿದ್ದರೆ "ಇಲ್ಲ" ಎನ್ನು ಎಂದು ಹೇಳಿಕೊಟ್ಟವಳೂ ನಾನೇ. "ಇಲ್ಲ," ಎಂದಳು. ಮಾತ್ರೆ ಕೊಟ್ಟು ಕಳಿಸಿದರು.

ವಾಪಸು ಬಂದು ನಮ್ಮ ಕಟ್ಟೆಯ ಮೇಲೆ ಕುಸಿದವಳ ಮುಖ ನೋಡಿದ್ದೇ ಅವ್ವ ಹೂವು ಬಿಸಾಕಿ ಎದ್ದಳು. ಪಡಸಾಲೆಯಲ್ಲೇ ಹೆರಿಗೆಯಾಯಿತು. ನಾನು ಬಸ್ಸಿಳಿದು ಬರುವಷ್ಟರಲ್ಲಿ ಕೂಸು ಅಳುತ್ತಿತ್ತು. ನಡೆದದ್ದು ಕೇಳಿದ ಮೇಲೆ ಒಳಗೆ ಹೋಗಲು ನನಗೆ ಮುಖವಿರಲಿಲ್ಲ. ಅವಳೇ ಕರೆದು ಕೂಸನ್ನು ತೋರಿಸಿ, "ಟೀಚರ್, ಬ್ಯಾನಿ," ಎಂದು ನಕ್ಕಳು. ಹೊಸ ಮಾತು ಕಲಿತ ಖುಷಿ ಅವಳಿಗೆ. ನಾನು ಅತ್ತುಬಿಟ್ಟೆ. ಬಾಣಂತನ ಮುಗಿದ ಮೇಲೆ ಪಾಠ ಮತ್ತೆ ಶುರುವಾದಾಗ ಅವ್ವ ಟೀಚರಾದಳು, ನಾನು ಸ್ಲೇಟು ಒರೆಸುವವಳಾದೆ.

ಆರು ವರ್ಷದ ಮೇಲೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಅಷ್ಟೊತ್ತಿಗೆ ಅವ್ವ ತೀರಿಕೊಂಡಿದ್ದಳು. ಅದೇ ಆಸ್ಪತ್ರೆಯಲ್ಲಿ ನಾನು ಹಲ್ಲು ಕಚ್ಚಿ ಮಲಗಿದ್ದಾಗ, ನರ್ಸಮ್ಮನ ಕೈ ಹಿಡಿದು ಎಳೆದುಕೊಂಡು ಬಂದವಳು ಆ ಗೂರ್ಖಾನ ಹೆಂಡತಿ.

"ಲಗೂನ ಬರ್ರಿ ಅಕ್ಕಾರ, ನಮ್ಮ ಟೀಚರಿಗೆ ಬ್ಯಾನಿ ಹತ್ಯಾವ!"

ಅವ್ವನ ಧಾಟಿಯೇ ಅದು.