ಜಗಳ ಮಡಚುವ ಕೆಲಸ

ಬೆಳಕು ಹರಿಯುವ ಮುಂಚೆಯೇ ಈ ಮನೆಯ ಪಡಸಾಲೆಯಲ್ಲಿ ಕತ್ತರಿಯ ಸದ್ದು. ನೆಲದ ತುಂಬ ಕಾಗದದ ಪಟ್ಟಿಗಳು. ಒಂದೊಂದರ ಮೇಲೂ ಯಾರೋ ಅಪರಿಚಿತರು ಅಂತರ್ಜಾಲದಲ್ಲಿ ಬರೆದ ಮಾತು. ಜಾಲತಾಣವೊಂದರ ವಿನ್ಯಾಸಗಾರ್ತಿ ಮಂಡಿಯೂರಿ, ಪ್ರಶ್ನೆಯ ಕೆಳಗೆ ಉತ್ತರ, ಉತ್ತರದ ಕೆಳಗೆ ತಕರಾರು ಎಂದು ಜೋಡಿಸುತ್ತಿದ್ದಾರೆ.

"ಕಾಲಿಡೋಕೂ ಜಾಗ ಇಲ್ವಲ್ಲೇ," ಎನ್ನುತ್ತಾರೆ ಅತ್ತೆ.

"ಆ ಜಗಳದ ಮೇಲೆ ಕಾಲಿಡಿ ಅತ್ತೆ, ಪರವಾಗಿಲ್ಲ. ಉತ್ತರ ತುಳೀಬೇಡಿ."

ಕಿವಿ ಕೇಳದ ಮಕ್ಕಳ ಹೆತ್ತವರು ಮಾತಾಡಿಕೊಳ್ಳುವ ಜಾಲತಾಣ ಇವರದು. ದಿನಕ್ಕೆ ನಾಲ್ಕು ಸಾವಿರ ಮಾತು ಬಂದು ಬೀಳುತ್ತವೆ. ಆ ರಾಶಿಯಲ್ಲಿ ಬೇಕಾದ್ದು ಸಿಗುವಂತೆ ಪುಟ ರೂಪಿಸುವುದು ಇವರ ಒಂಬತ್ತು ವರ್ಷದ ಕೆಲಸ. ಸಿಗದಿದ್ದಾಗ ಬರುವ ಬೈಗುಳವೂ ಅದೇ ಪುಟದಲ್ಲಿ ಅಚ್ಚುಕಟ್ಟಾಗಿ ಕಾಣಿಸುತ್ತದೆ.

ಈಗ ಪುಟ ಬದಲಾಗಬೇಕಿದೆ. ಇವರದೊಂದು ನಮೂನೆ, ಇವರೇ ಕೆಲಸ ಕಲಿಸಿದ ಸಹೋದ್ಯೋಗಿಯದೊಂದು. ಅವನ ಕೂದಲು ನೋಡಿ ಕಚೇರಿಯವರೆಲ್ಲ ಗುಂಗುರ ಎನ್ನುತ್ತಾರೆ. ಅವನ ಮಾತೆತ್ತಿದರೆ ಇವರ ಕತ್ತರಿ ಜೋರಾಗುತ್ತದೆ.

ನಿನ್ನೆ ಎರಡನ್ನೂ ಪರೀಕ್ಷಿಸಲು ಒಬ್ಬ ಬಸ್ ಡ್ರೈವರನ್ನು ಕರೆಸಿದ್ದರು. ಅವರ ಮಗಳು ಕಿವಿಯ ಮೆಷಿನ್ ಕಿತ್ತೆಸೆಯುತ್ತಾಳೆ, ಯಾಕೆಂದು ಹುಡುಕಬೇಕಿತ್ತು. ಇವರ ಪುಟ ಜಗಳಗಳನ್ನೆಲ್ಲ ಮಡಚಿ ಮುಚ್ಚಿಡುತ್ತದೆ. ಉತ್ತರ ಒಂದು ಜಗಳದ ನಡುವೆಯೇ ಇತ್ತು, ಸಿಗಲಿಲ್ಲ. ಗುಂಗುರನ ಪುಟವೋ, ಪ್ರಶ್ನೆ ಕೇಳಿದವರು ಧನ್ಯವಾದ ಹೇಳಿದ ಉತ್ತರವನ್ನು ಎತ್ತಿ ಮೇಲಿಡುತ್ತದೆ.

"ಕಿವೀಲಿ ಒತ್ತುತ್ತಂತೆ, ಅದಕ್ಕೇ ಕೀಳ್ತಾಳೆ!" ಎಂದರು ಡ್ರೈವರ್, ಅದನ್ನು ಓದಿ. "ಮೊದಲೇ ಗೊತ್ತಾಗಿದ್ರೆ ಮಗೂಗೆ ಹೊಡೀತಿರಲಿಲ್ಲ ಮೇಡಂ."

ಕಚೇರಿ ಗುಂಗುರನ ಪುಟವನ್ನೇ ಒಪ್ಪಿಕೊಂಡಿತು.

"'ಎಲ್ಲಾ ನಿಮ್ಮಿಂದ ಕಲಿತಿದ್ದು ಅಕ್ಕಾ' ಅಂದ ನೋಡಿ, ಮೈಯೆಲ್ಲ ಉರೀತು. ಧನ್ಯವಾದ ಹುಡುಕಬೇಕು ಅಂತ ನನಗ್ಯಾಕೆ ಹೊಳೀಲಿಲ್ಲ? ಸುಳ್ಳು ಯಾಕೆ ಹೇಳ್ಲಿ, ಅವನ ಪುಟ ಕೆಟ್ಟುಹೋಗಲಿ ಅಂದ್ಕೊಂಡೆ," ಎನ್ನುತ್ತಾರೆ ವಿನ್ಯಾಸಗಾರ್ತಿ.

ಕೆಡುವ ಜಾಗವೂ ಇವರಿಗೆ ಸಿಕ್ಕಿದೆ. ಉತ್ತರವೊಂದಕ್ಕೆ ಧನ್ಯವಾದ ಹೇಳಿದ್ದ ತಾಯಿಯೊಬ್ಬಳು ವಾರದ ಮೇಲೆ ಬಂದು, "ನೀವು ಹೇಳಿದ ಹಾಗೆ ಮಾಡಿದ್ವಿ, ಮಗು ಕಿವಿ ಊದಿಕೊಂಡಿದೆ" ಎಂದು ಬರೆದಿದ್ದಾಳೆ. ಗುಂಗುರನ ಪುಟ ಆ ಉತ್ತರವನ್ನೂ ಎತ್ತಿ ಮೇಲಿಡುತ್ತದೆ. ಅಂಥವನ್ನು ಕೆಳಗಿಳಿಸುವ ದಾರಿಯನ್ನೇ ಇವರು ಬೆಳಗಿನಿಂದ ನೆಲದ ಮೇಲೆ ಹುಡುಕುತ್ತಿರುವುದು.

ಸುಮ್ಮನಿದ್ದರೆ ಬೈಸಿಕೊಳ್ಳುವವನು ಅವನೇ ಅಲ್ಲವೇ ಎಂದು ನಾನು ಕೇಳಿದರೆ:

"ಅವನು ಬೈಸಿಕೊಳ್ಳೋಕೆ ಯಾವುದೋ ಮಗು ಕಿವಿ ಊದಬೇಕಾ?" ಎಂದು ಗದರುತ್ತಾರೆ. ಆ ಉತ್ತರದ ಪಟ್ಟಿಯನ್ನು ಕೆಳಗೆ ಸರಿಸುತ್ತಾರೆ. "ಪುಟ ಅವನದೇ ಇರಲಿ. ಇದನ್ನ ನೋಡಿ, 'ನನಗ್ಯಾಕೆ ಹೊಳೀಲಿಲ್ಲ' ಅಂತ ಅವನಿಗೆ ಒಂದು ರಾತ್ರಿಯಾದ್ರೂ ನಿದ್ದೆ ಬರಬಾರದು. ನನಗಷ್ಟು ಸಾಕು."